‘ಮೊಬೈಲ್ ಕೊಡಬೇಡಿ’ ಅಂದರೆ ಸಾಲದು: ಹಾಸನ ಜಿಲ್ಲೆಯ ಶಾಲೆಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಹಾಸನ ಜಿಲ್ಲೆಯ ಸರ್ಕಾರಿ, ಅನುದಾನಿತ ಹಾಗೂ ಖಾಸಗಿ ಶಾಲೆಗಳ ಮುಖ್ಯಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಮತ್ತು ಸದಸ್ಯರು

ವಿಷಯ: ಪೋಷಕರ ಸಭೆಯಲ್ಲಿ ಫೋನ್ ಸುರಕ್ಷತೆಗೆ ಒಂದು ಗಂಟೆ ಮೀಸಲಿಡುವುದು ಮತ್ತು ಮಕ್ಕಳ ದಾಖಲೆಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದನ್ನು ನಿಲ್ಲಿಸುವ ಬಗ್ಗೆ

ಮಾನ್ಯರೇ,

ಪೋಷಕರ ಸಭೆಗಳಲ್ಲಿ ತಪ್ಪದೇ ಕೇಳಿಬರುವ ಮಾತೊಂದಿದೆ: ‘ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ.’ ಎಲ್ಲರೂ ತಲೆಯಾಡಿಸುತ್ತಾರೆ. ಅದೇ ದಿನ ಸಂಜೆ ಏಳಕ್ಕೆ ತರಗತಿಯ ಗುಂಪಿಗೆ ಹೋಮ್‌ವರ್ಕ್ ಬರುತ್ತದೆ, ಅದರ ಬೆನ್ನಿಗೇ ಪ್ರಾಜೆಕ್ಟಿನ ಫೋಟೊ ಕಳಿಸಿ, ಪದ್ಯ ಹೇಳುವ ವಿಡಿಯೊ ಕಳಿಸಿ ಎಂಬ ಸೂಚನೆ. ಮಗು ಅಪ್ಪನ ಫೋನ್ ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳದೆ ಬೇರೆ ದಾರಿಯೂ ಇಲ್ಲ. ಹೋಮ್‌ವರ್ಕ್ ಕಳಿಸುವ ಶಿಕ್ಷಕರನ್ನು ನಾವು ದೂರುತ್ತಿಲ್ಲ. ಫೋನ್ ಮಗುವಿನ ಕೈಗೆ ಹೋಗುವುದು ಖಚಿತ ಎಂದಾದ ಮೇಲೆ, ಆ ಫೋನ್ ಹೇಗಿರಬೇಕು ಎಂದು ಹೇಳಿಕೊಡುವವರು ಯಾರೂ ಇಲ್ಲ ಎಂಬುದು ನಮ್ಮ ತಕರಾರು.

ಈ ಪತ್ರ ಬರೆಯುತ್ತಿರುವವರು ಜಿಲ್ಲೆಯಲ್ಲಿ ಫೋನ್ ರಿಪೇರಿ, ಕಂಪ್ಯೂಟರ್ ಪಾಠ, ಮನೆಗಳಿಗೆ ಫೈಬರ್ ಎಳೆದು ವೈಫೈ ಕೂರಿಸುವ ಕೆಲಸ ಮಾಡುವವರು. ದುಡ್ಡು ಹೋದ ಮೇಲೆ ಜನ ಮೊದಲು ಓಡಿಬರುವುದು ಪೊಲೀಸ್ ಠಾಣೆಗಲ್ಲ, ನಮ್ಮ ಮೇಜಿಗೆ. ಬರುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿ ಒಂದಿದೆ. ಪಟ್ಟಣದ ಒಂದಷ್ಟು ಮನೆಗಳನ್ನು ಬಿಟ್ಟರೆ ನಮ್ಮ ಕಡೆ ‘ಮಗುವಿನ ಫೋನ್’ ಅಂತ ಬೇರೆ ಇರುವುದಿಲ್ಲ. ಆಲೂರಿನ ಕಾಫಿ ತೋಟದ ಲೈನ್ ಮನೆಯಲ್ಲಾಗಲಿ, ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಯಲ್ಲಾಗಲಿ ಮಗು ಹಿಡಿಯುವುದು ಅಪ್ಪನದೋ ಅಮ್ಮನದೋ ಫೋನು. ಡೇರಿ ದುಡ್ಡು ಜಮೆಯಾದ ಎಸ್‌ಎಂಎಸ್ ಬರುವುದು ಅದಕ್ಕೆ. ಆಧಾರ್‌ಗೆ ಜೋಡಿಸಿದ ಸಿಮ್ ಇರುವುದು ಅದರಲ್ಲಿ. ಫೋನ್‌ಪೇ, ಗೂಗಲ್ ಪೇ ಇರುವುದೂ ಅದರಲ್ಲೇ. ಹಾಗಾಗಿ ಮಕ್ಕಳ ಸುರಕ್ಷತೆಗೊಂದು ಭಾಷಣ, ಬ್ಯಾಂಕ್ ವಂಚನೆಗೊಂದು ಭಾಷಣ ಎಂದು ಬೇರೆ ಬೇರೆ ಮಾಡುವುದರಲ್ಲಿ ಅರ್ಥವಿಲ್ಲ. ಮೊಬೈಲ್ ಆಟದ ‘ಫ್ರೀ ಡೈಮಂಡ್’ ಆಸೆಗೆ ಮಗ ಒತ್ತಿದ ಲಿಂಕಿನಿಂದ ಅಪ್ಪನ ಖಾತೆ ಖಾಲಿಯಾಗಬಹುದು. ಅಪ್ಪ ಒತ್ತಿದ ಮದುವೆ ಕಾಗದದಿಂದ ಮಗಳ ಫೋಟೊಗಳು ಯಾರದೋ ಕೈ ಸೇರಬಹುದು.

ಆ ಮದುವೆ ಕಾಗದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವಾಟ್ಸ್‌ಆ್ಯಪ್‌ಗೆ ಪರಿಚಯದವರ ನಂಬರಿನಿಂದಲೇ ಒಂದು ಫೈಲ್ ಬರುತ್ತದೆ. ಮದುವೆ ಆಮಂತ್ರಣ, ಆರ್‌ಟಿಒ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ, ಹೀಗೆ ಹೆಸರು ಏನೋ ಒಂದು. ಹೆಸರಿನ ಕೊನೆಗೆ ಮಾತ್ರ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ. ಆಮಂತ್ರಣ ಪತ್ರಿಕೆ ಫೋಟೊ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಹೆಚ್ಚೆಂದರೆ ವಿಡಿಯೊ. ಎಪಿಕೆ ಅಂದರೆ ಆ್ಯಪ್. ಮದುವೆಗೆ ಕರೆಯಲು ಯಾರೂ ಆ್ಯಪ್ ಮಾಡಿಸುವುದಿಲ್ಲ. ಆ ಫೈಲನ್ನು ಮುಟ್ಟಿದ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ. ಇಲ್ಲಿಂದ ಬಂದ ಆ್ಯಪ್ ಹಾಕಲು ಬಿಡಲೇ ಎಂದು ಫೋನ್ ಕೇಳುತ್ತದೆ, ಹೂಂ ಅನ್ನುತ್ತೇವೆ. ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಅದಕ್ಕೂ ಹೂಂ. ಅಲ್ಲಿಂದಾಚೆ ಬ್ಯಾಂಕಿನ ಒಟಿಪಿ ನಮ್ಮ ಫೋನಿಗೆ ಬಂದ ಕ್ಷಣವೇ ಇನ್ನೊಬ್ಬನಿಗೂ ತಲುಪುತ್ತದೆ. ಫೋನಿನಲ್ಲಿರುವ ನಂಬರುಗಳಿಗೆ ಅದೇ ಫೈಲು ನಮ್ಮ ಹೆಸರಿನಲ್ಲಿ ಹೊರಡುತ್ತದೆ. ‘ಗೊತ್ತಿರುವವರೇ ಕಳಿಸಿದ್ದು’ ಎಂಬ ನಂಬಿಕೆ ಕೈಕೊಡುವುದು ಇಲ್ಲೇ.

ಇದಕ್ಕೆ ಬೀಗ ಹಾಕಲು ಐದು ನಿಮಿಷ ಸಾಕು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಸ್ಪೆಷಲ್ ಆ್ಯಪ್ ಆ್ಯಕ್ಸೆಸ್, ಅದರೊಳಗೆ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್. ಕಂಪನಿಯಿಂದ ಕಂಪನಿಗೆ ಜಾಗ ಅಷ್ಟಿಷ್ಟು ಬದಲಾಗುತ್ತದೆ, ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಅನ್‌ನೋನ್’ ಎಂದು ಟೈಪ್ ಮಾಡಿದರೆ ಬರುತ್ತದೆ. ಅಲ್ಲಿ ವಾಟ್ಸ್‌ಆ್ಯಪ್, ಕ್ರೋಮ್, ಟೆಲಿಗ್ರಾಂ, ಫೈಲ್ ಮ್ಯಾನೇಜರ್ ಎಲ್ಲದರ ಎದುರಿಗೂ ‘ನಾಟ್ ಅಲೋಡ್’ ಇರಬೇಕು. ಪ್ಲೇ ಸ್ಟೋರ್ ತೆರೆದು, ಮೇಲಿನ ನಮ್ಮ ಚಿತ್ರ ಒತ್ತಿ, ಕೆಟ್ಟ ಆ್ಯಪ್‌ಗಳನ್ನು ಹಿಡಿಯುವ ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ ಎಂದೂ ನೋಡಿಬಿಡಬೇಕು. ಅದನ್ನು ಆಫ್ ಮಾಡಿ ಎಂದು ಹೇಳುವ ಆ್ಯಪ್ ಯಾವುದೇ ಇರಲಿ, ಅದು ಕಳ್ಳ ಆ್ಯಪ್ ಎಂದೇ ತಿಳಿಯಿರಿ.

ಹಾಕಿಯೇ ಬಿಟ್ಟಿದ್ದರೆ? ಗಾಬರಿಯಲ್ಲಿ ಜನ ಮಾಡುವ ಮೊದಲ ಕೆಲಸ ಆ್ಯಪ್ ಹುಡುಕಿ ಅಳಿಸುವುದು. ಆದರೆ ಇವು ತಮ್ಮ ಐಕಾನ್ ಅಡಗಿಸಿಕೊಳ್ಳುತ್ತವೆ. ಹುಡುಕುವಷ್ಟು ಹೊತ್ತೂ ಒಟಿಪಿ ಸೋರುತ್ತಲೇ ಇರುತ್ತದೆ. ಮೊದಲು ಫ್ಲೈಟ್ ಮೋಡ್ ಹಾಕಿ. ಎಷ್ಟೋ ಫೋನುಗಳಲ್ಲಿ ಫ್ಲೈಟ್ ಮೋಡ್ ಹಾಕಿದರೂ ವೈಫೈ ಉಳಿದಿರುತ್ತದೆ, ಅದನ್ನೂ ಆರಿಸಿ. ಆಮೇಲೆ ಪಕ್ಕದ ಮನೆಯವರ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಅದಾದ ಕೂಡಲೇ ಬ್ಯಾಂಕಿಗೆ. ದುಡ್ಡು ಹೋಗಿದ್ದರೆ ಎಸ್‌ಎಂಎಸ್‌ನಲ್ಲಿರುವ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರನ್ನು ಕಾಗದದಲ್ಲಿ ಬರೆದುಕೊಳ್ಳಿ, ಅದನ್ನೇ ಮೊದಲು ಕೇಳುತ್ತಾರೆ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಅದು ಯಾವುದಾದರೂ ಖಾತೆಯಲ್ಲಿ ಕೂತಿರುವಾಗಲೇ ತಡೆಹಿಡಿಸುವುದು 1930ರ ಕೆಲಸ. ಎರಡು ದಿನ ಬಿಟ್ಟು, ಮನೆಯವರನ್ನೆಲ್ಲ ಕೇಳಿ ಕರೆ ಮಾಡಿದರೆ ತಡೆಯಲು ಅಲ್ಲೇನೂ ಉಳಿದಿರುವುದಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿದ್ದೂ ಇದನ್ನೇ: ಒಟಿಪಿ, ಪಿನ್ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹೆತ್ತೂರು, ಯಸಳೂರು ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಅಂಥ ಊರುಗಳ ಶಾಲೆಯವರು ಯಾವ ಕಂಪನಿಯ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನೂ ಪೋಷಕರಿಗೆ ನೆನಪಿಸಬೇಕಾಗುತ್ತದೆ. ಇದು ಹಾಸ್ಯವಲ್ಲ.

ಇನ್ನು ಒಂದೇ ಫೋನನ್ನು ಮಗುವಿನ ಜೊತೆ ಹಂಚಿಕೊಳ್ಳುವ ಮನೆಗಳ ಮಾತು. ಗೂಗಲ್‌ನ ಫ್ಯಾಮಿಲಿ ಲಿಂಕ್ ಒಳ್ಳೆಯ ಸಾಧನ. ಯಾವ ಆ್ಯಪ್ ಹಾಕಬೇಕಾದರೂ ಅಪ್ಪ ಅಮ್ಮನ ಒಪ್ಪಿಗೆ, ದಿನಕ್ಕಿಷ್ಟೇ ಹೊತ್ತು, ರಾತ್ರಿ ತಾನಾಗಿ ಬೀಗ. ಆದರೆ ಅದು ಮಗುವಿನ ಖಾತೆಯ ಮೇಲೆ, ಮಗುವಿಗೆಂದೇ ಇಟ್ಟ ಫೋನಿನಲ್ಲಿ ನಡೆಯುವಂಥದ್ದು. ಅಪ್ಪನ ಖಾತೆಯಿರುವ ಅಪ್ಪನ ಫೋನಿಗೆ ಅದು ಮದ್ದಲ್ಲ. ಸಭೆಗಳಿಗೆ ಬರುವ ಭಾಷಣಕಾರರು ಈ ಭೇದ ಹೇಳುವುದೇ ಇಲ್ಲ. ಹಂಚಿಕೊಂಡ ಫೋನಿಗೆ ಬೇಕಾದದ್ದು ಆ್ಯಪ್ ಪಿನ್ನಿಂಗ್. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ಅದನ್ನು ಚಾಲೂ ಮಾಡಿ, ಬಿಡಿಸುವಾಗ ಪಿನ್ ಕೇಳಬೇಕು ಎಂಬುದನ್ನೂ ಒತ್ತಿಟ್ಟರೆ, ಹೋಮ್‌ವರ್ಕ್‌ಗೆಂದು ತೆರೆದುಕೊಟ್ಟ ಆ್ಯಪ್‌ನಿಂದ ಮಗು ಹೊರಗೆ ಹೋಗಲಾರದು. ಕೆಲವು ಫೋನುಗಳಲ್ಲಿ ಎರಡನೇ ಬಳಕೆದಾರರನ್ನು ಸೇರಿಸುವ ಸೌಕರ್ಯವಿದೆ, ಇದ್ದರೆ ಅದು ಇನ್ನೂ ಒಳ್ಳೆಯದು.

ಸಣ್ಣವೆಂದು ಕಾಣುವ ಮೂರು ತೂತುಗಳು ಇಲ್ಲಿವೆ. ಫೋನ್ ತೆರೆದುಕೊಡಲು ಪದೇ ಪದೇ ಕರೆಯುತ್ತದೆ ಎಂದು ಮಗುವಿನ ಬೆರಳಚ್ಚನ್ನೂ ಅಪ್ಪನ ಫೋನಿಗೆ ಸೇರಿಸಿರುತ್ತಾರೆ. ಬೆರಳಚ್ಚಿನಿಂದ ತೆರೆಯುವ ಬ್ಯಾಂಕ್ ಆ್ಯಪ್‌ಗಳಿಗೆ ಅದು ಯಾರ ಬೆರಳು ಎಂದು ಗೊತ್ತಾಗುವುದಿಲ್ಲ, ಫೋನಿನಲ್ಲಿ ದಾಖಲಾದ ಯಾವ ಬೆರಳಾದರೂ ಸರಿ. ಯುಪಿಐ ಲೈಟ್ ಎಂಬುದರಲ್ಲಿ 5,000 ರೂಪಾಯಿವರೆಗೆ ಹಾಕಿಟ್ಟು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಅಂಗಡಿಯಲ್ಲಿ ಅನುಕೂಲ, ಮಗುವಿನ ಕೈಯಲ್ಲಿ ಬಿಚ್ಚಿಟ್ಟ ಪರ್ಸು. ಫೋನ್ ಹಂಚಿಕೊಳ್ಳುವ ಮನೆಗಳು ಅದನ್ನು ಮುಚ್ಚುವುದೇ ವಾಸಿ, ಉಳಿದ ದುಡ್ಡು ಖಾತೆಗೆ ವಾಪಸು ಬರುತ್ತದೆ. ಮೂರನೆಯದು ಪ್ಲೇ ಸ್ಟೋರ್. ಅದರ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಬೇಕು ಎಂದು ಇಡದಿದ್ದರೆ, ಆಟದೊಳಗಿನ ಡೈಮಂಡು, ಯುಸಿಗಳ ಲೆಕ್ಕ ತಿಂಗಳ ಕೊನೆಗೆ ಗೊತ್ತಾಗುತ್ತದೆ.

ಪಾಸ್‌ವರ್ಡ್ ಬಗ್ಗೆ ಎರಡೇ ಮಾತು. ಮಗುವಿನ ಹೆಸರಿಗೆ ಹುಟ್ಟಿದ ವರ್ಷ ಸೇರಿಸುವುದು, ಕೆಎ-13 ಎಂದು ಶುರುವಾಗುವ ಗಾಡಿ ನಂಬರ್, ದೇವರ ಹೆಸರಿಗೆ 123, ಇಷ್ಟರಲ್ಲೇ ನಮ್ಮ ಜಿಲ್ಲೆಯ ಪಾಸ್‌ವರ್ಡ್‌ಗಳು ಮುಗಿದುಹೋಗುತ್ತವೇನೋ ಎಂದು ಕೆಲವೊಮ್ಮೆ ಅನಿಸುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ ನೆನಪಿಡುವುದೂ ಸುಲಭ, ಊಹಿಸುವುದೂ ಕಷ್ಟ. ಗಾದೆ ಬೇಡ, ಗಾದೆ ಎಲ್ಲರಿಗೂ ಗೊತ್ತು. ಮರೆಯುವ ಭಯವಿದ್ದರೆ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ಹಾಸನದ ಬೀರು ಒಡೆಯುವ ಕಳ್ಳನೇ ಬೇರೆ, ಎಲ್ಲೋ ಕೂತು ನಿಮ್ಮ ಇಮೇಲ್ ಒಡೆಯುವವನೇ ಬೇರೆ.

ಆ ಇಮೇಲೇ ಎಲ್ಲಕ್ಕೂ ಮೂಲ ಕೀಲಿ. ಬೇರೆ ಖಾತೆಗಳ ‘ಪಾಸ್‌ವರ್ಡ್ ಮರೆತಿದೆ’ ಎಂಬ ಪತ್ರ ಬರುವುದು ಅದಕ್ಕೆ. ಆದ್ದರಿಂದ ಜಿಮೇಲ್‌ಗೆ ಟೂ-ಸ್ಟೆಪ್ ವೆರಿಫಿಕೇಶನ್, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವ ಬೀಗ, ಮೊದಲು. ಅಲ್ಲಿ ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಎಂಟು ಅಂಕಿ. ಅವನ್ನು ಫೋನಿನಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಫೋನ್ ಕಳೆದ ದಿನ ಅವೂ ಕಳೆದವು, ಕಾಗದದಲ್ಲಿರಲಿ. ವಾಟ್ಸ್‌ಆ್ಯಪ್‌ನ ಅಕೌಂಟ್ ವಿಭಾಗದಲ್ಲೂ ಟೂ-ಸ್ಟೆಪ್ ವೆರಿಫಿಕೇಶನ್ ಇದೆ. ಆರು ಅಂಕಿಯ ಪಿನ್ ಹಾಕಿಟ್ಟರೆ, ಎಸ್‌ಎಂಎಸ್‌ನಲ್ಲಿ ಬಂದ ಕೋಡನ್ನು ಯಾರಾದರೂ ಮಾತಿಗೆ ಮರುಳು ಮಾಡಿ ಪಡೆದರೂ ಖಾತೆ ಅವರ ಪಾಲಾಗುವುದಿಲ್ಲ. ಲಿಂಕ್ಡ್ ಡಿವೈಸಸ್ ಎಂಬುದನ್ನೂ ತಿಂಗಳಿಗೊಮ್ಮೆ ನೋಡಬೇಕು. ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದು, ಮುಚ್ಚದೇ ಬಂದವರ ಮಾತುಕತೆ ಅಲ್ಲಿ ದಿನಗಟ್ಟಲೆ ತೆರೆದೇ ಇರುತ್ತದೆ. ಸಿಮ್‌ಗೂ ಪಿನ್ ಹಾಕಬಹುದು. ಕದ್ದವನು ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೆ ಆಗ ಅದು ತೆರೆಯುವುದಿಲ್ಲ. ಮೊದಲ ಪಿನ್ ಎಷ್ಟೆಂದು ಸಿಮ್ ಕಂಪನಿಯನ್ನು ಕೇಳಿಯೇ ಬದಲಿಸಿ, ಊಹಿಸಬೇಡಿ. ಮೂರು ಸಲ ತಪ್ಪಿದರೆ ಸಿಮ್ ಬಿಡಿಸುವ ಪಿಯುಕೆ ಕೋಡ್ ಕೇಳುತ್ತದೆ, ಅದೂ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆ.

ವೈಫೈ ಇರುವ ಮನೆಗಳಲ್ಲಿ ನಾವೇ, ಅಂದರೆ ನಮ್ಮ ಕಸುಬಿನವರೇ, ಒಂದು ತಪ್ಪು ಮಾಡುತ್ತೇವೆ. ಅವಸರದಲ್ಲಿ ಮನೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೊರಟುಬಿಡುತ್ತೇವೆ, ರೂಟರಿನ ಒಳಗಿನ ಅಡ್ಮಿನ್ ಪಾಸ್‌ವರ್ಡ್ ಮುಟ್ಟುವುದೇ ಇಲ್ಲ. ಅದೆರಡನ್ನೂ ಬದಲಿಸಿ ಎಂದು ಹಟ ಹಿಡಿಯಿರಿ. ಜೊತೆಗೆ ರಕ್ಷಣೆಯ ಬಗೆ ಡಬ್ಲ್ಯುಪಿಎ2 ಅಥವಾ 3 ಇರಲಿ, ಪಾಸ್‌ವರ್ಡ್ ಇಲ್ಲದೆ ಜೋಡಿಸುವ ಡಬ್ಲ್ಯುಪಿಎಸ್ ಆಫ್ ಇರಲಿ. ಸಕಲೇಶಪುರದ ಹೋಂಸ್ಟೇ ನಡೆಸುವವರ ಮಕ್ಕಳೂ ನಿಮ್ಮ ಶಾಲೆಗಳಲ್ಲಿದ್ದಾರೆ. ಅವರಿಗೆ ಹೇಳಬೇಕಾದದ್ದು, ಅತಿಥಿಗಳಿಗೆ ಗೆಸ್ಟ್ ನೆಟ್‌ವರ್ಕ್ ಬೇರೆಯೇ ಕೊಡಿ. ಒಂದೇ ವೈಫೈ ಆದರೆ ಬಂದವರ ಲ್ಯಾಪ್‌ಟಾಪಿಗೆ ಮನೆಯ ಸಿಸಿಟಿವಿ ಪೆಟ್ಟಿಗೆ, ಟಿವಿ, ಮಗುವಿನ ಟ್ಯಾಬ್ ಎಲ್ಲಕ್ಕೂ ದಾರಿ ಇರುತ್ತದೆ. ಆ ಸಿಸಿಟಿವಿಯ ಪಾಸ್‌ವರ್ಡ್ ಸಾಮಾನ್ಯವಾಗಿ ಇನ್ನೂ ‘ಅಡ್ಮಿನ್’ ಆಗಿಯೇ ಉಳಿದಿರುತ್ತದೆ.

ಅಶ್ಲೀಲ ತಾಣಗಳನ್ನು ತಡೆಯಲು ರೂಟರಿನ ಡಿಎನ್‌ಎಸ್ (ತಾಣದ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಬಹುದು. ಕ್ಲೌಡ್‌ಫ್ಲೇರ್‌ನ ಈ ಸೇವೆ ಉಚಿತ, ವೈರಸ್ ತಾಣಗಳನ್ನೂ ತಡೆಯುತ್ತದೆ. ಆದರೆ ಇದು ತಾಣದ ಹೆಸರನ್ನಷ್ಟೇ ನೋಡುವ ಕಾವಲುಗಾರ. ಯೂಟ್ಯೂಬ್, ಇನ್‌ಸ್ಟಾಗ್ರಾಂ ಒಳಗೆ ಏನು ನಡೆಯುತ್ತಿದೆ ಎಂಬುದು ಅದಕ್ಕೆ ಕಾಣದು. ವೈಫೈ ಆರಿಸಿ ಮೊಬೈಲ್ ಡೇಟಾ ಹಾಕಿಕೊಂಡರೆ, ಇಂಟರ್ನೆಟ್ ದಾರಿ ಮರೆಮಾಡುವ ವಿಪಿಎನ್ ಹಾಕಿಕೊಂಡರೆ ಅದರ ಕಣ್ಣು ತಪ್ಪಿತು. ಫೋನಿನಲ್ಲೇ ಪ್ರೈವೇಟ್ ಡಿಎನ್‌ಎಸ್ ಎಂಬ ಜಾಗವಿದೆ, ಅಲ್ಲಿ ಹಾಕಿದರೆ ಡೇಟಾಕ್ಕೂ ಅನ್ವಯಿಸುತ್ತದೆ. ಅಲ್ಲಿ ಅಂಕಿಯಲ್ಲ, ಸೇವೆಯ ಪೂರ್ತಿ ಹೆಸರನ್ನು ಬರೆಯಬೇಕು. ಒಂದಕ್ಷರ ತಪ್ಪಿದರೂ ಇಂಟರ್ನೆಟ್ ಪೂರ್ತಿ ನಿಲ್ಲುತ್ತದೆ, ಜನ ಫೋನ್ ಕೆಟ್ಟಿತೆಂದು ಅಂಗಡಿಗೆ ತರುತ್ತಾರೆ. ಹತ್ತು ವರ್ಷದೊಳಗಿನ ಮಗುವಿಗೆ ಈ ಏರ್ಪಾಡು ಸಾಕು. ಹದಿನಾಲ್ಕರ ಹುಡುಗ ಒಂದು ವಾರದಲ್ಲಿ ದಾರಿ ಕಂಡುಕೊಳ್ಳುತ್ತಾನೆ. ಅವನಿಗೆ ಬೇಕಾದದ್ದು ಬೇರೆ.

ಅದನ್ನು ಹೇಳುವಾಗ ಸೆಟ್ಟಿಂಗ್ಸ್ ಬದಿಗಿಡಬೇಕು. ಆಟದ ಚಾಟ್‌ನಲ್ಲಿ ಪರಿಚಯವಾದವರು ಟೆಲಿಗ್ರಾಂಗೆ ಬಾ ಅನ್ನುತ್ತಾರೆ, ಫೋಟೊ ಕೇಳುತ್ತಾರೆ, ಆಮೇಲೆ ದುಡ್ಡು ಕೊಡು, ಇಲ್ಲದಿದ್ದರೆ ನಿಮ್ಮ ಶಾಲೆಯ ಗುಂಪಿಗೆ ಹಾಕುತ್ತೇನೆ ಅನ್ನುತ್ತಾರೆ. ಮಗು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಬಿಟ್ಟರೆ ಹೊಡೆತ, ಫೋನ್ ಕಸಿಯುವುದು, ಊರಿಗೆಲ್ಲ ಗೊತ್ತಾಗುವುದು. ಬೆದರಿಸುವವನ ಬಂಡವಾಳವೇ ಆ ಭಯ. ದುಡ್ಡು ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ, ಮೊತ್ತ ಏರುತ್ತದೆ. ಕೂಡಲೇ ಬ್ಲಾಕ್ ಮಾಡಿ ಎಲ್ಲ ಅಳಿಸಿದರೆ ಸಾಕ್ಷಿಯೂ ಅಳಿಯುತ್ತದೆ. ಮೊದಲು ಪ್ರೊಫೈಲ್, ನಂಬರ್, ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದು, 1930ಕ್ಕೂ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ, ಆಮೇಲೆ ಬ್ಲಾಕ್. ಹಾಸನದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇರುವುದು ಇಂಥ ದೂರುಗಳಿಗೇ. ಹದಿನೆಂಟರೊಳಗಿನವರ ಫೋಟೊ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಫೋಟೊ ನಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಗುರುತಿನ ಸಂಖ್ಯೆಯಷ್ಟೇ ಹೋಗುತ್ತದೆ, ಅದರಲ್ಲಿ ಭಾಗಿಯಾದ ಕಂಪನಿಗಳು ಆ ಗುರುತಿನ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ‘ಏನೇ ಆಗಿರಲಿ ಹೇಳು, ಫೋನ್ ಕಿತ್ತುಕೊಳ್ಳುವುದಿಲ್ಲ’ ಎಂಬ ಮಾತನ್ನು ಅಪ್ಪ ಅಮ್ಮ ಮೊದಲೇ ಕೊಟ್ಟಿರಬೇಕು. ಕೊಟ್ಟ ಮೇಲೆ ಉಳಿಸಿಕೊಳ್ಳಲೂ ಬೇಕು.

ಇಷ್ಟು ಪೋಷಕರ ಪಾಲಿನದು. ಈಗ ಶಾಲೆಗಳ ಪಾಲು, ಇದನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇವೆ.

ರಿಪೇರಿಗೆ ಬರುವ ಫೋನುಗಳಲ್ಲಿ, ಮನೆಯವರೇ ತೆರೆದು ತೋರಿಸುವ ತರಗತಿ ಗುಂಪುಗಳಲ್ಲಿ ನಾವು ಕಂಡಿರುವುದು ಇದು: ಇಡೀ ತರಗತಿಯ ಹೆಸರು, ತಂದೆತಾಯಿ ಹೆಸರು, ಜಾತಿ, ಹುಟ್ಟಿದ ದಿನ, ವಿದ್ಯಾರ್ಥಿಯ ಗುರುತಿನ ಸ್ಯಾಟ್ಸ್ ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಇರುವ ಪಟ್ಟಿ, ‘ತಪ್ಪಿದ್ದರೆ ತಿಳಿಸಿ’ ಎಂಬ ಒಕ್ಕಣೆಯೊಂದಿಗೆ. ಗುಂಪಿನಲ್ಲಿ ಅರವತ್ತು ಮಂದಿ ಇದ್ದರೆ ಅರವತ್ತು ಫೋನುಗಳಲ್ಲಿ ಆ ಪಟ್ಟಿ ಉಳಿಯಿತು. ಅದರಲ್ಲಿ ಒಂದು ಫೋನಿಗೆ ಎಪಿಕೆ ಹೊಕ್ಕಿದ್ದರೂ ಸಾಕು. ಆಮೇಲೆ ಬರುವ ಕರೆಯೇ, ‘ನಿಮ್ಮ ಮಗಳು ಏಳನೇ ತರಗತಿ ಅಲ್ಲವೇ, ಸ್ಕಾಲರ್‌ಶಿಪ್ ಬಂದಿದೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ.’ ಹೆಸರು, ತರಗತಿ ಎಲ್ಲ ಸರಿಯಾಗಿ ಹೇಳಿದ ಮೇಲೆ ತಾಯಿ ನಂಬದೆ ಏನು ಮಾಡುತ್ತಾಳೆ? ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ದುಡ್ಡು ಹೋಗುವುದೇ ಹೊರತು ಬರುವುದಿಲ್ಲ ಎಂದು ಅವಳಿಗೆ ಹೇಳಿದವರಿಲ್ಲ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು ಎಂದು 2016ರ ಆಧಾರ್ ಕಾಯ್ದೆಯ 29ನೇ ಕಲಂ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಮುಂದಿಡುತ್ತದೆ. ಕಾನೂನನ್ನು ಬದಿಗಿಟ್ಟರೂ, ಪಕ್ಕದ ಮನೆಯವರ ಖಾತೆ ನಂಬರ್ ನಮಗೇಕೆ ಬೇಕು?

ಆದ್ದರಿಂದ ನಮ್ಮ ಕೋರಿಕೆಗಳು. ದಾಖಲೆಯ ಪಟ್ಟಿ ಗುಂಪಿಗೆ ಬೇಡ, ತಿದ್ದುಪಡಿ ಇದ್ದರೆ ಆಯಾ ಪೋಷಕರನ್ನು ಕರೆಸಿ ರಿಜಿಸ್ಟರಿನಲ್ಲೇ ತೋರಿಸಿ. ಈಗಾಗಲೇ ಹಾಕಿರುವ ಹಳೆಯ ಪಟ್ಟಿಗಳನ್ನು ಎಲ್ಲರೂ ಅಳಿಸುವಂತೆ ಒಂದು ಸಂದೇಶ ಹಾಕಿ. ಅಡ್ಮಿನ್‌ಗೆ ‘ಎಲ್ಲರಿಗೂ ಅಳಿಸು’ ಎನ್ನಲು ಸಮಯ ಮೀರಿರುತ್ತದೆ, ಅವರವರೇ ಅಳಿಸಬೇಕು. ಆಧಾರ್ ಪ್ರತಿ ಬೇಕಾದ ಕಡೆಯೆಲ್ಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತದೆಯೇ ನೋಡಿ, ನಡೆಯುವಲ್ಲಿ ಅದನ್ನೇ ಪಡೆಯಿರಿ. ತರಗತಿ ಗುಂಪುಗಳ ಬದಲು ವಾಟ್ಸ್‌ಆ್ಯಪ್ ಕಮ್ಯುನಿಟಿಯ ಪ್ರಕಟಣೆ ಗುಂಪನ್ನು ಬಳಸಿ. ಅದರಲ್ಲಿ ಅಡ್ಮಿನ್‌ಗಳಷ್ಟೇ ಬರೆಯುತ್ತಾರೆ, ಪೋಷಕರ ನಂಬರು ಪರಸ್ಪರ ಕಾಣುವುದಿಲ್ಲ. ಹೆಣ್ಣುಮಕ್ಕಳ ತಾಯಂದಿರಿಗೆ ತಡರಾತ್ರಿ ಬರುವ ‘ಹಾಯ್’ಗಳು ಅರ್ಧ ನಿಲ್ಲಲು ಅಷ್ಟು ಸಾಕು. ಗುಂಪಿಗೆ ಸೇರುವ ಲಿಂಕನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ, ವರ್ಷಕ್ಕೊಮ್ಮೆ ರೀಸೆಟ್ ಮಾಡಿ, ಶಾಲೆ ಬಿಟ್ಟವರನ್ನು ತೆಗೆಯಿರಿ. ಶಾಲೆಯ ಫೇಸ್‌ಬುಕ್ ಪುಟದಲ್ಲಿ ಮಗುವಿನ ಮುಖ, ಹೆಸರು, ತರಗತಿ, ಊರು ನಾಲ್ಕೂ ಒಟ್ಟಿಗೆ ಬೇಡ. ಬಹುಮಾನದ ಫೋಟೊ ಹಾಕುವುದಿದ್ದರೆ ಪೋಷಕರ ಸಹಿ ಪಡೆಯಿರಿ. ಪ್ರೌಢಶಾಲೆಯ ದೊಡ್ಡ ಮಕ್ಕಳಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಿ: ಕಮಿಷನ್ ಆಸೆಗೆ ಬ್ಯಾಂಕ್ ಖಾತೆಯನ್ನೋ ಎಟಿಎಂ ಕಾರ್ಡನ್ನೋ ಬೇರೆಯವರಿಗೆ ಕೊಟ್ಟರೆ, ಕದ್ದ ಹಣ ಅದರಲ್ಲಿ ಹಾದುಹೋಗುತ್ತದೆ, ಪೊಲೀಸರು ಮೊದಲು ಬಂದು ನಿಲ್ಲುವುದು ಆ ಖಾತೆಯವರ ಬಾಗಿಲಿಗೆ.

ಕೊನೆಯದಾಗಿ ಆ ಒಂದು ಗಂಟೆ. ವೇದಿಕೆ, ಹಾರ, ಅತಿಥಿ ಭಾಷಣ ಬೇಡ. ಒಂದು ತರಗತಿ ಕೋಣೆ, ಇಪ್ಪತ್ತೈದು ಪೋಷಕರು, ಎಲ್ಲರ ಕೈಯಲ್ಲೂ ಅವರವರ ಫೋನು. ಹೇಳಿದ್ದನ್ನು ಅಲ್ಲೇ ಒತ್ತಿ ಮುಗಿಸಿ ಏಳಬೇಕು, ಮನೆಗೆ ಹೋಗಿ ಮಾಡುತ್ತೇವೆ ಅಂದದ್ದು ಆಗುವುದಿಲ್ಲ. ಅನ್‌ನೋನ್ ಆ್ಯಪ್ಸ್, ಜಿಮೇಲ್ ಮತ್ತು ವಾಟ್ಸ್‌ಆ್ಯಪ್‌ನ ಟೂ-ಸ್ಟೆಪ್, ಪಿನ್ನಿಂಗ್, ಪ್ಲೇ ಸ್ಟೋರ್ ಖರೀದಿ, 1930 ಅನ್ನು ಕಾಂಟ್ಯಾಕ್ಟ್‌ಗೆ ಸೇರಿಸುವುದು, ಇಷ್ಟೇ. ಯಾವ ತಾಲ್ಲೂಕಿನ ಶಾಲೆ ಕರೆದರೂ ಸಂಭಾವನೆ ಇಲ್ಲದೆ ಬರಲು ನಾವು ಸಿದ್ಧ. ಪ್ರೊಜೆಕ್ಟರ್ ಇಲ್ಲದಿದ್ದರೂ, ಕರೆಂಟ್ ಹೋದರೂ ನಡೆಯುತ್ತದೆ. ಪೋಷಕರಿಗೆ ಕಳಿಸುವ ಚೀಟಿಯಲ್ಲಿ ಎರಡು ಸಾಲು ಬರೆದರೆ ಸಾಕು: ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ, ಜಿಮೇಲ್ ಪಾಸ್‌ವರ್ಡ್ ನೆನಪು ಮಾಡಿಕೊಂಡು ಬನ್ನಿ. ಎರಡನೆಯದು ಬಹಳ ಮಂದಿಗೆ ನೆನಪಿರುವುದಿಲ್ಲ. ಪರವಾಗಿಲ್ಲ, ಅಲ್ಲಿಂದಲೇ ಶುರು ಮಾಡೋಣ.

ಇಂತಿ ತಮ್ಮ ವಿಶ್ವಾಸಿಗಳು,
ಹಾಸನ ಜಿಲ್ಲೆಯಲ್ಲಿ ಫೋನ್, ಕಂಪ್ಯೂಟರ್ ಹಾಗೂ ನೆಟ್‌ವರ್ಕ್ ಕೆಲಸ ಮಾಡುವ ಕೆಲವರು